ಯಾರಿಗೆ ಮಡಗಿದ್ದೀಯಪ್ಪ?

ನನ್ನ ಹತ್ತಿರ ಒಂದು ಕಪ್ಪು ಪೆಟ್ಟಿಗೆ ಇದೆ. ಒಮ್ಮೆ ರಾತ್ರಿ ಹೊಸಕೋಟೆ ಹತ್ತಿರ ಗಾಡಿ ಚೆಕ್ ಮಾಡುತ್ತಿದ್ದ ಪೊಲೀಸರೊಬ್ಬರು ಡಿಕ್ಕಿಯಲ್ಲಿ ಅದನ್ನು ನೋಡಿ "ಏನ್ರೀ ಇದು, ತೆಗೀರಿ" ಅಂದರು. ತೆಗೆದೆ. ದಪ್ಪ ಫೋಮಿನಲ್ಲಿ ಸಾಲಾಗಿ ಕೊರೆದ ಎಂಟು ಗುಂಡಿ, ಒಂದೊಂದರಲ್ಲೂ ಒಂದೊಂದು ಕಪ್ಪು ಕೊಳವೆ. "ಟೆಲಿಸ್ಕೋಪಿನ ಐಪೀಸ್ ಸಾರ್, ನಕ್ಷತ್ರ ನೋಡೋಕೆ" ಅಂದೆ. ಅವರು ಟಾರ್ಚ್ ಬಿಟ್ಟು ಎರಡು ಸಲ ನೋಡಿ, "ಬಾಳ ನೀಟಾಗಿ ಇಟ್ಕೊಂಡಿದ್ದೀರ" ಅಂತ ಹೇಳಿ ಕಳಿಸಿದರು. ಆ ಒಂದು ಮಾತಿನ ಖುಷಿಯಲ್ಲಿ ಮನೆ ತನಕ ಗಾಡಿ ಓಡಿಸಿದ್ದೆ. ಆ ರಾತ್ರಿ ಟೆಲಿಸ್ಕೋಪಿನಲ್ಲಿ ಏನು ನೋಡಿದೆ ಅನ್ನೋದು ಈಗ ನೆನಪಿಲ್ಲ. ಪೊಲೀಸರ ಮಾತು ಮಾತ್ರ ನೆನಪಿದೆ.

ಐಪೀಸ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಟೆಲಿಸ್ಕೋಪಿನ ದೊಡ್ಡ ಕನ್ನಡಿಯ ಕೆಲಸ ಬೆಳಕನ್ನು ಕೂಡಿಸುವುದು. ಆ ಬೆಳಕನ್ನು ದೊಡ್ಡದು ಮಾಡಿ ಕಣ್ಣಿಗೆ ಕೊಡುವುದು ಈ ಸಣ್ಣ ಕೊಳವೆ. ಟೆಲಿಸ್ಕೋಪಿನ ನಾಭಿದೂರವನ್ನು ಐಪೀಸಿನ ನಾಭಿದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅನ್ನುವ ಲೆಕ್ಕ ಸಿಗುತ್ತೆ. ನನ್ನದು 8 ಇಂಚಿನ ಕನ್ನಡಿಯ ಡಾಬ್ಸೋನಿಯನ್, ನಾಭಿದೂರ 1200 ಮಿ.ಮೀ. 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು, 10 ಹಾಕಿದರೆ 120 ಪಟ್ಟು, 6 ಹಾಕಿದರೆ 200 ಪಟ್ಟು. ಕೊಂಡಾಗ ಎರಡು ಐಪೀಸ್ ಜೊತೆಗೇ ಬಂದಿದ್ದವು. ನಾಲ್ಕು ವರ್ಷದಲ್ಲಿ ಎಂಟಾದವು. ಅದರಲ್ಲಿ ಒಂದರ ಬೆಲೆ 18,000 ರೂಪಾಯಿ.

ಇಷ್ಟಾದ ಮೇಲೆ ಪೆಟ್ಟಿಗೆ ಬೇಡವೇ? ಎಸ್.ಪಿ. ರೋಡಿಗೆ ಹೋಗಿ ಟೂಲ್ಸ್ ಇಡುವ ಗಟ್ಟಿ ಬಾಕ್ಸ್ ತಂದೆ. ಒಳಗೆ ಫೋಮ್ ಕೂರಿಸಿದೆ. ಫೋಮಿನಲ್ಲಿ ದುಂಡಗೆ ತೂತು ಕೊರೆಯೋದು ಚಾಕುವಿನಿಂದ ಆಗೋದಿಲ್ಲ, ಅಂಚು ಹರಿದು ಇಲಿ ಕಡಿದ ಹಾಗೆ ಆಗುತ್ತೆ. ಸ್ಟೀಲ್ ಪೈಪಿನ ತುದಿ ಹರಿತ ಮಾಡಿಕೊಂಡು ಮೆಲ್ಲಗೆ ತಿರುಗಿಸುತ್ತಾ ಒತ್ತಬೇಕು. ತೂತು ಐಪೀಸಿಗಿಂತ ಎರಡು ಮೂರು ಮಿ.ಮೀ. ಚಿಕ್ಕದಿರಬೇಕು, ಆಗ ಫೋಮ್ ಅದನ್ನು ಹಿಡಿದುಕೊಳ್ಳುತ್ತೆ. ಹೆಚ್ಚು ಚಿಕ್ಕದಾದರೆ ಕತ್ತಲಲ್ಲಿ ಎಳೆಯುವಾಗ ಕೈ ಜಾರುತ್ತೆ. ಇದೆಲ್ಲ ಮೂರು ಫೋಮ್ ಹಾಳು ಮಾಡಿ ಕಲಿತ ವಿದ್ಯೆ.

ಈ ಜೋಡಣೆ ಬರೀ ಶೋಕಿ ಅಂತ ತಿಳಿಯಬೇಡಿ. ಆಕಾಶ ನೋಡುವವರು ಕತ್ತಲಲ್ಲಿ ಕೆಲಸ ಮಾಡುವವರು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳೋಕೆ ಅರ್ಧ ಗಂಟೆ ಬೇಕು. ಒಂದು ಸಲ ಮೊಬೈಲ್ ಬೆಳಕು ಬಿದ್ದರೆ ಆ ಅರ್ಧ ಗಂಟೆ ನೀರಲ್ಲಿ ಹೋಮ. ಅದಕ್ಕೇ ಕೆಂಪು ಟಾರ್ಚ್, ಅದಕ್ಕೇ ಎಡದಿಂದ ಬಲಕ್ಕೆ ಅಳತೆ ಪ್ರಕಾರ ಸಾಲು. ಬೆರಳಿಗೆ ಮೂರನೇ ಗುಂಡಿ ಸಿಕ್ಕಿತು ಅಂದರೆ ಅದು 10 ಮಿ.ಮೀ., ನೋಡಬೇಕಾಗಿಲ್ಲ. ಇನ್ನೊಂದು ಲಾಭ, ವಾಪಸ್ ತುಂಬುವಾಗ ಖಾಲಿ ಗುಂಡಿ ತಾನೇ ಹೇಳುತ್ತೆ, ಯಾವುದೋ ಒಂದು ಹುಲ್ಲಲ್ಲಿ ಬಿದ್ದಿದೆ, ಹುಡುಕು ಅಂತ.

ಇಷ್ಟು ತರ್ಕ ಸರಿ. ಆದರೆ ಲೆಕ್ಕ ಹೇಳಿಬಿಡುತ್ತೇನೆ. 2024ರಲ್ಲಿ ಪೆಟ್ಟಿಗೆಯ ಒಳಗನ್ನು ನಾನು ಮೂರು ಸಲ ಹೊಸದಾಗಿ ಕೊರೆದೆ. ಟೆಲಿಸ್ಕೋಪನ್ನು ಹೊರಗೆ ತೆಗೆದದ್ದು ನಾಲ್ಕು ಸಲ. ನಮ್ಮ ಕೆಲಸದಲ್ಲಿ ಇದು ಹೊಸ ಕಾಯಿಲೆ ಏನಲ್ಲ. ಒಂದು ಸಾಲು ಕೋಡ್ ಬರೆಯುವ ಮೊದಲು ಫೋಲ್ಡರುಗಳನ್ನು ಜೋಡಿಸುತ್ತಾ ಕೂರುವವರು, ಓದುವ ಮೊದಲು ನೋಟ್ಸ್ ಆ್ಯಪ್ ಬದಲಾಯಿಸುವವರು, ಎಲ್ಲರೂ ನಮ್ಮವರೇ. ಜೋಡಿಸುವಾಗ ಸೋಲುವ ಭಯ ಇರೋದಿಲ್ಲ. ಆಕಾಶಕ್ಕೆ ಮೋಡ ಬರಬಹುದು, ಫೋಮಿಗೆ ಬರೋದಿಲ್ಲ.

ಇದೆಲ್ಲ ನನ್ನ ಪಾಡಿಗೆ ನಡೆದುಕೊಂಡು ಹೋಗುತ್ತಿತ್ತು, 2025ರ ಸಂಕ್ರಾಂತಿ ತನಕ.

ಹೊಸಕೋಟೆ ದಾಟಿ ನಂದಗುಡಿ ಕಡೆ ಹೋದರೆ ನಮ್ಮೂರು. ಬೆಂಗಳೂರಿನ ಬೆಳಕು ಪಡುವಣ ಆಕಾಶವನ್ನು ಅರ್ಧ ತಿಂದು ಹಾಕಿದೆ, ಮಸುಕಾದ ಗ್ಯಾಲಕ್ಸಿಗಳ ಆಸೆ ಅಲ್ಲಿ ಬಿಡಬೇಕು. ಗ್ರಹಗಳಿಗೆ ಮಾತ್ರ ಬೆಳಕಿನ ಹಂಗಿಲ್ಲ. ಆ ತಿಂಗಳು ಸಂಜೆ ಆಕಾಶದಲ್ಲಿ ಒಟ್ಟಿಗೇ ನಾಲ್ಕಿದ್ದವು. ಪಡುವಣದಲ್ಲಿ ಶುಕ್ರ ಮತ್ತು ಶನಿ, ಮೇಲೆ ಗುರು, ಮೂಡಣದಲ್ಲಿ ಕೆಂಡದ ಹಾಗೆ ಮಂಗಳ. ದನಗಳಿಗೆ ಕಿಚ್ಚು ಹಾಯಿಸಿ ಮುಗಿದ ಮೇಲೆ ನಮ್ಮ ಮನೆ ಮುಂದೆ ಟೆಲಿಸ್ಕೋಪ್ ಇಟ್ಟೆ. ಹತ್ತು ನಿಮಿಷದಲ್ಲಿ ಬೀದಿಯ ಮಕ್ಕಳೆಲ್ಲ ಸಾಲು ನಿಂತವು. ಮೊದಲು 25 ಮಿ.ಮೀ. ಹಾಕಿ ಗುರುವನ್ನೂ ಅದರ ನಾಲ್ಕು ಚಂದ್ರರನ್ನೂ ತೋರಿಸಿದೆ. ಆಮೇಲೆ ಶನಿಗೆ ಅಂತ ಆ 18,000ದ್ದನ್ನು ಹಾಕಿದೆ.

ಪಕ್ಕದ ಮನೆ ಹುಡುಗಿ, ಮೂರನೇ ಕ್ಲಾಸು. ಸ್ಟೂಲ್ ಹತ್ತುವಾಗ ಆಸರೆಗೆ ಅಂತ ಸಿಕ್ಕಿದ್ದನ್ನು ಹಿಡಿದುಕೊಂಡಳು. ಸಿಕ್ಕಿದ್ದು ಐಪೀಸು. ಎಳ್ಳು-ಬೆಲ್ಲ ತಿಂದ ಹೆಬ್ಬೆರಳು ನೇರ ಗಾಜಿನ ಮೇಲೆ. ನಾನು ಅವಳ ಕೈಯನ್ನು ಕಿತ್ತು ತೆಗೆದೆ. "ಮುಟ್ಬೇಡ ಅಂತ ಹೇಳಿರ್ಲಿಲ್ವಾ? ಹದಿನೆಂಟು ಸಾವಿರ ರೂಪಾಯಿ ಅದು!" ಅಂತ ಕಿರುಚಿದೆ.

ಕಿರುಚಿದ್ದಕ್ಕಿಂತ ಆ ರೂಪಾಯಿ ಹೇಳಿದ್ದು ಹೆಚ್ಚು ತಪ್ಪಾಯಿತು ಅಂತ ಆಗಲೇ ಗೊತ್ತಾಯಿತು. ಅವಳು ಏನೂ ಮಾತಾಡದೆ ಇಳಿದು ಮನೆಗೆ ಹೋದಳು. ಹಿಂದೆ ನಿಂತಿದ್ದ ಮಕ್ಕಳೆಲ್ಲ, ಯಾರೂ ಹೇಳದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆಮೇಲೆ ನೋಡಿದವರೆಲ್ಲ ಹಾಗೇ ಕೈ ಕಟ್ಟಿಕೊಂಡೇ ಬಗ್ಗಿ ನೋಡಿದರು. "ಕಾಣ್ತಾ?" ಅಂದರೆ "ಹೂಂ ಅಣ್ಣ" ಅಂದರು. ಕಂಡಿತ್ತೋ ಇಲ್ಲವೋ ದೇವರಿಗೇ ಗೊತ್ತು.

ಜಗಲಿ ಮೇಲೆ ಕೂತಿದ್ದ ನಮ್ಮಜ್ಜಿ ಎಲ್ಲ ನೋಡುತ್ತಿತ್ತು. ನಾನು ಒಂದೊಂದೇ ಐಪೀಸನ್ನು ಗುಂಡಿಗೆ ಇಳಿಸುವಾಗ ಕೇಳಿತು.

"ಯಾರಿಗ್ ಮಡಗಿದ್ದೀಯಪ್ಪ ಇದ್ನೆಲ್ಲಾ?"

"ನೋಡೋಕೆ ಅಜ್ಜಿ."

"ಮತ್ತೆ ನೋಡಕ್ ಬಂದೋರ್ನೇ ಓಡುಸ್ಬುಟ್ಟೆ?"

ಅಷ್ಟೇ. ಬೈಗುಳ ಇಲ್ಲ, ಕೊಂಕು ಇಲ್ಲ. ನಾನು ಇಬ್ಬನಿಯಲ್ಲಿ ಒದ್ದೆಯಾಗಿದ್ದ ಸಾಮಾನನ್ನು ಒರೆಸದೆ ಹಾಗೇ ತುರುಕಿ, ಪೆಟ್ಟಿಗೆ ಲಾಕ್ ಮಾಡಿ, ರಾತ್ರಿಯೇ ಬೆಂಗಳೂರಿಗೆ ಹೊರಟೆ. ಮನೆಗೆ ಬಂದು ಆ ಒಂದು ಗಾಜನ್ನು ಕ್ಲೀನ್ ಮಾಡೋಕೆ ಹಿಡಿದದ್ದು ಐದು ನಿಮಿಷ. ಮೊದಲು ಧೂಳು ಊದಬೇಕು, ಆಮೇಲೆ ಲೆನ್ಸ್ ಒರೆಸುವ ಕಾಗದಕ್ಕೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆಲ್ಲಗೆ ಸುತ್ತು ಒರೆಸಬೇಕು. ಬೆಲ್ಲದ ಕಲೆ ಗುರುತಿಲ್ಲದ ಹಾಗೆ ಹೋಯಿತು. ಆಗಲೇ ನೋಡಿದೆ, 25 ಮಿ.ಮೀ. ಗುಂಡಿ ಖಾಲಿ. ಫೋನ್ ಮಾಡಿದೆ. "ಸ್ಟೂಲ್ ಕೆಳಗೆ ಬಿದ್ದಿತ್ತು, ಗೂಡಲ್ಲಿ ಇಟ್ಟಿದ್ದೀನಿ, ಬಂದಾಗ ತಗೊಂಡೋಗು" ಅಂದರು ಚಿಕ್ಕಮ್ಮ.

ಒಂದು ವಾರ ನನ್ನ ಪರ ನಾನೇ ವಾದ ಮಾಡಿದೆ. ಬೆಲೆಬಾಳುವ ವಸ್ತುವನ್ನು ಜೋಪಾನ ಮಾಡೋದು ತಪ್ಪಾ? ಈ ಜೋಪಾನ ನಾನು ಕಲಿತದ್ದೇ ಆ ಅಜ್ಜಿಯಿಂದ. ಬಿತ್ತನೆ ಬೀಜದ ಗುಡಾಣಕ್ಕೆ ನಾವು ಮಕ್ಕಳು ಕೈ ಹಾಕಿದರೆ ಬೆನ್ನಿಗೆ ಬೀಳುತ್ತಿತ್ತು. ಅವರೆ, ಅಲಸಂದೆ, ತೊಗರಿ, ಒಂದೊಂದನ್ನೂ ಬಿಸಿಲಿಗೆ ಹಾಕಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಬಾಯಿಗೆ ಸಗಣಿ ಮೆತ್ತಿ ಇಡುತ್ತಿತ್ತು. ಹಗೇವಿನ ಕಥೆಯನ್ನೂ ಅಜ್ಜಿಯೇ ಹೇಳಿದ್ದು. ಗಟ್ಟಿ ನೆಲದಲ್ಲಿ ತೋಡಿದ ಗುಂಡಿ, ಬಾಯಿ ಕಿರಿದು, ಒಳಗೆ ಹೊಟ್ಟೆ ದೊಡ್ಡದು. ಹುಲ್ಲು ಹಾಸಿ ರಾಗಿ ತುಂಬಿ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹತ್ತೋದಿಲ್ಲ. ತೆಗೆಯುವಾಗ ಮಾತ್ರ ಬಾಯಿ ತೆರೆದ ಕೂಡಲೇ ಇಳಿಯಬಾರದು, ಒಳಗಿನ ಗಾಳಿ ಕೆಟ್ಟಿರುತ್ತೆ. ಸ್ವಲ್ಪ ಹೊತ್ತು ಬಿಟ್ಟು ದೀಪ ಇಳಿಸಿ, ದೀಪ ಆರದಿದ್ದರೆ ಮನುಷ್ಯ ಇಳಿಯಬೇಕು. ಇಷ್ಟು ಜೋಪಾನದವರು ನನಗೆ ಯಾಕೆ ಹೀಗೆ ಕೇಳಬೇಕು?

ಯೋಚನೆ ಮಾಡುತ್ತಾ ಹೋದಂತೆ ವಾದ ಕುಸಿಯಿತು. ಅಜ್ಜಿಯ ಗುಡಾಣಕ್ಕೆ ಒಂದು ತಾರೀಕು ಇತ್ತು. ಮುಂಗಾರು ಹದ ಬಂದ ದಿನ ಅದು ಖಾಲಿ ಆಗಲೇಬೇಕು. ಬೀಜ ಇಲ್ಲದವರಿಗೆ ಸೇರು ಅಳೆದು ಕೊಡುತ್ತಿತ್ತು, ಬೆಳೆ ಬಂದ ಮೇಲೆ ಅವರು ವಾಪಸ್ ಅಳೆಯುತ್ತಿದ್ದರು. ಎಷ್ಟೇ ಜೋಪಾನ ಮಾಡಿದರೂ ಬೀಜವನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ಮೊಳಕೆ ಬರೋದಿಲ್ಲ ಅನ್ನೋದು ಅಜ್ಜಿಗೆ ಗೊತ್ತಿತ್ತು. ನಮ್ಮನ್ನು ಹೊಡೆದದ್ದು ಬೀಜಕ್ಕಾಗಿ ಅಲ್ಲ, ಮುಂದಿನ ವರ್ಷದ ನಮ್ಮ ಊಟಕ್ಕಾಗಿ. ನನ್ನ ಪೆಟ್ಟಿಗೆಗೆ ಯಾವ ಮುಂಗಾರಿನ ತಾರೀಕಿದೆ?

ಇನ್ನೊಂದು ನೆನಪು ಬಂತು, ಅದು ಚುಚ್ಚಿತು. ನಾನು ಓದಿದ ಶಾಲೆಯಲ್ಲಿ ಒಂದು ಮೈಕ್ರೋಸ್ಕೋಪ್ ಇತ್ತು. ಗಾಜಿನ ಬೀರುವಿನಲ್ಲಿ, ಬೀಗ ಹಾಕಿ, ಮೇಲೆ ಹಸಿರು ಬಟ್ಟೆ ಮುಚ್ಚಿ. ಮೂರು ವರ್ಷದಲ್ಲಿ ಒಂದು ಸಲ ಬಟ್ಟೆ ತೆಗೆದು ದೂರದಿಂದ ತೋರಿಸಿದರು. ನಾವು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದೆವು. ಅದರ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಹತ್ತಕ್ಕೆ ಒಂಬತ್ತು ಅಂಕ ತೆಗೆದುಕೊಂಡಿದ್ದೇನೆ. ಅದರೊಳಗೆ ಕಣ್ಣಿಟ್ಟು ನೋಡಿಲ್ಲ. ಆ ಮೇಷ್ಟ್ರ ಮೇಲೆ ವರ್ಷಗಟ್ಟಲೆ ಸಿಟ್ಟಿತ್ತು. ಈಗ ಅನಿಸುತ್ತೆ, ಅವರೂ ಹೆದರಿದ್ದರು. ಒಡೆದರೆ ಇನ್ನೊಂದು ಬರೋದಿಲ್ಲ. ಇಲ್ಲದ ಮನೆಯಿಂದ ಬಂದವರಿಗೆ ವಸ್ತು ಅಂದರೆ ಈ ಹೆದರಿಕೆ ಇದ್ದೇ ಇರುತ್ತೆ. ನಮ್ಮ ಮನೆಯ ಟಿವಿ ರಿಮೋಟು ಇವತ್ತಿಗೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ, ನಂಬರ್ ಕಾಣದಿದ್ದರೂ ಸರಿ. ಹೆದರಿಕೆ ನನಗೆ ಅರ್ಥ ಆಗುತ್ತೆ. ಆದರೆ ಆ ಸಂಕ್ರಾಂತಿ ಸಂಜೆ ನನಗೆ ಇನ್ನೊಂದು ಕೊಳ್ಳುವ ಶಕ್ತಿ ಇತ್ತು. ಹಳೇ ಹೆದರಿಕೆಯನ್ನು ಹೊಸ ಸಂಬಳದ ಜೊತೆಗೆ ಇಟ್ಟುಕೊಂಡು, ಬೀರುವಿನ ಬೀಗದ ಕೈ ಹಿಡಿದ ಮನುಷ್ಯ ನಾನೇ ಆಗಿದ್ದೆ.

ಹಾಗಂತ "ವಸ್ತು ಮುಖ್ಯ ಅಲ್ಲ, ಮನುಷ್ಯರು ಮುಖ್ಯ" ಅಂತ ಹೇಳಿ ಮುಗಿಸಿದರೆ ಅದು ಸುಲಭದ ಮಾತಾಯಿತು. ಯಾಕೆ ಅಂತ ಹೇಳೋಕೆ ನಮ್ಮೂರ ದಾರಿಯಲ್ಲೇ ಒಂದು ಜಾಗ ಇದೆ. ನಮ್ಮಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರಿನಿಂದ ಹೊಸಕೋಟೆಗೆ ಬರುವವರಿಗೆ ಬಿರಿಯಾನಿ ಒಂದೇ ಗೊತ್ತು. ಅಲ್ಲೇ ಶಿಡ್ಲಘಟ್ಟ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಕ್ರೆಸ್ಟ್ ಕ್ಯಾಂಪಸ್ ಇದೆ. ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ಉಪಗ್ರಹದ ಸಂಪರ್ಕದ ಮೂಲಕ ಇಲ್ಲಿಂದಲೇ ನಡೆಸುತ್ತಾರೆ. ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನ ಕರೋನಾ ನೋಡುವ ವಿ.ಇ.ಎಲ್.ಸಿ. ಉಪಕರಣವನ್ನು ಜೋಡಿಸಿ ಪರೀಕ್ಷಿಸಿದ್ದೂ ಇಲ್ಲೇ. ಕರೋನಾದ ಬೆಳಕು ಸೂರ್ಯಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು. ಕನ್ನಡಿ ಮೇಲೆ ಒಂದಿಷ್ಟು ಧೂಳು ಕೂತರೂ ಅದು ಚದುರಿಸುವ ಸೂರ್ಯನ ಬೆಳಕೇ ಕರೋನಾವನ್ನು ನುಂಗಿಬಿಡುತ್ತೆ. ಅದಕ್ಕೇ ಅಲ್ಲಿನ ಕ್ಲೀನ್‌ರೂಮಿನಲ್ಲಿ ಕೆಲಸ ಮಾಡುವವರು ತಲೆಯಿಂದ ಕಾಲಿನ ತನಕ ಬಿಳಿ ಉಡುಪು ಹಾಕಿಕೊಳ್ಳಬೇಕು. ಅಲ್ಲಿಗೆ ಎಳ್ಳು-ಬೆಲ್ಲದ ಕೈ ಬಿಡಿ ಅಂತ ಯಾವ ಅಜ್ಜಿಯೂ ಹೇಳೋದಿಲ್ಲ.

ಆದರೆ ಆ ಉಪಕರಣ ಕ್ಲೀನ್‌ರೂಮಿನಲ್ಲೇ ಉಳಿಯಲಿಲ್ಲ. 2023ರ ಜನವರಿಯಲ್ಲಿ ಇಸ್ರೋ ಕೈಗೆ ಹೋಯಿತು. ಸೆಪ್ಟೆಂಬರ್ 2ರಂದು ಮೇಲೆ ಹಾರಿತು. ಈಗ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿದೆ, ಅದನ್ನು ಮಾಡಿದವರು ಇನ್ನು ಅದನ್ನು ಮುಟ್ಟುವ ಹಾಗಿಲ್ಲ. ಅಷ್ಟು ಜೋಪಾನ ಮಾಡಿದ್ದೇ ಕಳಿಸಿಕೊಡೋಕೆ. ಇದೇ ಸಂಸ್ಥೆ ಹಾನ್ಲೆಯಲ್ಲಿ ಇನ್ನೊಂದು ಕೆಲಸ ಮಾಡಿದೆ. 2022ರಲ್ಲಿ ಆ ಸುತ್ತಿನ ಪ್ರದೇಶವನ್ನು ಡಾರ್ಕ್ ಸ್ಕೈ ರಿಸರ್ವ್ ಅಂತ ಘೋಷಿಸಿದ ಮೇಲೆ, ಅಲ್ಲಿನ ಹಳ್ಳಿಯವರಿಗೇ ತರಬೇತಿ ಕೊಟ್ಟು, ಟೆಲಿಸ್ಕೋಪುಗಳನ್ನೂ ಕೈಗೆ ಕೊಟ್ಟಿದ್ದಾರೆ. ಬಂದ ಪ್ರವಾಸಿಗರಿಗೆ ಆಕಾಶ ತೋರಿಸುವವರು ಅವರೇ. ಆ ಐಪೀಸುಗಳ ಮೇಲೆ ಎಷ್ಟು ಜನರ ರೆಪ್ಪೆ, ಎಷ್ಟು ಜನರ ಬೆರಳು ತಾಗಿರಬಹುದು ಯೋಚನೆ ಮಾಡಿ. ಯಾವುದನ್ನು ಮುಟ್ಟಬಾರದು, ಯಾವುದನ್ನು ಕೈಗೆ ಕೊಡಬೇಕು ಅನ್ನೋದನ್ನು ವಸ್ತುವಿನ ಬೆಲೆ ತೀರ್ಮಾನ ಮಾಡೋದಿಲ್ಲ. ಅದು ಯಾರಿಗಾಗಿ, ಯಾವಾಗ ಹೊರಡಬೇಕು ಅನ್ನೋದು ಗೊತ್ತಿದ್ದರೆ ಉಳಿದದ್ದು ತಾನಾಗಿ ತೀರ್ಮಾನ ಆಗುತ್ತೆ. ನನ್ನ ತಪ್ಪು ಜೋಪಾನ ಮಾಡಿದ್ದಲ್ಲ. ಅಜ್ಜಿ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ನಿಜವಾದ ಉತ್ತರ ಇಲ್ಲದಿದ್ದದ್ದು.

ಇಷ್ಟೆಲ್ಲ ಯೋಚನೆ ಮಾಡಿದೆ, ಆದರೆ ಏನೂ ಮಾಡಲಿಲ್ಲ. ಯುಗಾದಿಗೆ ಊರಿಗೆ ಹೋದೆ, ಗೂಡಲ್ಲಿದ್ದ ಐಪೀಸ್ ಕೇಳಲಿಲ್ಲ. ಕೇಳಿದರೆ ಆ ಸಂಜೆಯ ಮಾತು ಬರುತ್ತೆ ಅಂತ. ಆಮೇಲೆ ಆಫೀಸಿನ ರಿಲೀಸು, ಆಮೇಲೆ ಮಳೆ. ಪೆಟ್ಟಿಗೆ ಮತ್ತೆ ತೆರೆದದ್ದು ಅಕ್ಟೋಬರ್ 1ರಂದು, ಆಯುಧ ಪೂಜೆಗೆ. ಲ್ಯಾಪ್‌ಟಾಪಿಗೆ, ಬೈಕಿಗೆ ಕುಂಕುಮ ಇಟ್ಟು, ಇದಕ್ಕೂ ಇಡೋಣ ಅಂತ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ನೀಲಿ ಇರಬೇಕಾದ ಸಿಲಿಕಾ ಜೆಲ್ ಪೂರ್ತಿ ಗುಲಾಬಿಯಾಗಿತ್ತು. ಅಂದರೆ ನೀರು ಕುಡಿದು ಕುಡಿದು ಅದಕ್ಕೇ ಸಾಕಾಗಿತ್ತು. ಆ 18,000ದ ಐಪೀಸನ್ನು ಬೆಳಕಿಗೆ ಹಿಡಿದೆ. ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬಿತ್ತು. ಬೂಷ್ಟಿಗೆ ಬೇಕಾದದ್ದು ಕತ್ತಲು, ತೇವ, ಅಲುಗಾಡದ ಗಾಳಿ. ಸಂಕ್ರಾಂತಿಯ ಇಬ್ಬನಿಯ ಜೊತೆಗೇ ಒತ್ತಿ ಮುಚ್ಚಿದ ಫೋಮ್ ಈ ಮೂರನ್ನೂ ಒದಗಿಸಿತ್ತು. ಬೆರಳಿನ ಗುರುತು ಐದು ನಿಮಿಷಕ್ಕೆ ಹೋಗಿತ್ತು. ಇದು ಹೋಗೋದಿಲ್ಲ. ಬಿಚ್ಚಿ ಒರೆಸಿದರೂ ಗಾಜಿನ ಲೇಪನವನ್ನು ತಿಂದ ಗುರುತು ಉಳಿಯುತ್ತೆ.

ಮಾರನೇ ದಿನ, ವಿಜಯದಶಮಿಗೆ, ಊರಿಗೆ ಹೋದೆ. ಗೂಡಿನಲ್ಲಿ ಐಪೀಸ್ ಇರಲಿಲ್ಲ. ಚಿಕ್ಕಮ್ಮ ಸ್ವಲ್ಪ ಹಿಂಜರಿದು, "ಪಕ್ಕದ್ಮನೆ ಮಗೀನ ಹತ್ರ ಐತೆ ಕಣಪ್ಪ, ಇರುವೆ ನೋಡ್ತೀನಿ ಅಂತ ಇಸ್ಕೊಂಡೋಗ್ತದೆ, ತಂದ್ ಮಡಗ್ತದೆ" ಅಂದರು. ಐಪೀಸನ್ನು ತಿರುಗಿಸಿ ಹಿಡಿದರೆ ಒಳ್ಳೆ ಭೂತಗನ್ನಡಿ. 25 ಮಿ.ಮೀ. ಅಂದರೆ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತೆ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇರುವೆ, ರಾಗಿ ಕಾಳು, ತನ್ನ ಉಗುರು, ರೇಷ್ಮೆ ಹುಳದ ಮೂತಿ, ಎಲ್ಲ ನೋಡಿ ಮುಗಿಸಿದ್ದಳು. ಹಳೇ ಸೀರೆ ತುಂಡಿನಲ್ಲಿ ಸುತ್ತಿ ಇಟ್ಟಿದ್ದಳು. ತೆಗೆದು ನೋಡಿದೆ. ಅಂಚಿನಲ್ಲಿ ಅರಿಶಿನ, ಗಾಜಿನ ಮೇಲೆ ಒಂದು ಸಣ್ಣ ಗೀರು. ಬೂಷ್ಟು ಇಲ್ಲ.

ಆ ಸಂಜೆ ಅವಳನ್ನು ಕರೆದೆ. ಬರೋದಿಲ್ಲ ಅಂದಳು. ಅವಳಮ್ಮ ಕಳಿಸಿದ ಮೇಲೆ ಬಂದಳು. "ಹಿಡ್ಕೊ, ಬೀಳ್ತೀಯ" ಅಂದೆ. ಹಿಡಿದುಕೊಳ್ಳಲಿಲ್ಲ, ಕೈ ಬೆನ್ನ ಹಿಂದೆಯೇ ಇತ್ತು. ಶನಿಯ ಉಂಗುರಗಳು 2025ರ ಮಾರ್ಚಿನಲ್ಲಿ ನಮಗೆ ನೇರ ಅಂಚಾಗಿ ತಿರುಗಿದ್ದವು. ಅಕ್ಟೋಬರಿನಲ್ಲೂ ಬರೀ ಒಂದು ಗೆರೆಯಷ್ಟೇ ಕಾಣುತ್ತಿತ್ತು. ಸುಮಾರು ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತೆ. ಅವಳು ತುಂಬ ಹೊತ್ತು ನೋಡಿ, "ಚೆಂಡಿಗೆ ದಬ್ಬಳ ಚುಚ್ಚವ್ರೆ" ಅಂದಳು. ಪುಸ್ತಕದಲ್ಲಿರುವ ಹಾಗೆ ಉಂಗುರ ಅರಳಿ ನಿಲ್ಲೋದು 2032ರ ಹೊತ್ತಿಗೆ. ಆಗ ಅವಳು ಹೈಸ್ಕೂಲು ದಾಟಿರುತ್ತಾಳೆ. ಅವತ್ತು ತೋರಿಸುತ್ತೇನೆ ಅಂತ ಹೇಳಿದೆ. "ಹೂಂ ಅಣ್ಣ" ಅಂದಳು, ನಂಬಿದ ಹಾಗೆ ಕಾಣಲಿಲ್ಲ. ನಂಬಬೇಕು ಅಂತ ಕೇಳುವ ಹಕ್ಕು ನನಗೂ ಇಲ್ಲ.

ಪೆಟ್ಟಿಗೆ ಈಗಲೂ ಇದೆ. ನೀರು ಹೀರದ ಜಾತಿಯ ಫೋಮ್ ಹಾಕಿದ್ದೇನೆ. ಇಬ್ಬನಿಯಲ್ಲಿ ನೋಡಿ ಬಂದ ರಾತ್ರಿ ಮುಚ್ಚಳ ತೆಗೆದಿಟ್ಟು ಮಲಗುತ್ತೇನೆ, ಬೆಳಿಗ್ಗೆ ಒಣಗಿದ ಮೇಲೆ ಮುಚ್ಚುತ್ತೇನೆ. ಸಿಲಿಕಾ ಜೆಲ್ ಗುಲಾಬಿ ಆದರೆ ಬಿಸಿ ಮಾಡಿ ಮತ್ತೆ ನೀಲಿ ಮಾಡಿಕೊಳ್ಳುತ್ತೇನೆ. ಎರಡು ಐಪೀಸು ಯಾರ ಕೈಗಾದರೂ ಕೊಡೋಕೆ ಅಂತಲೇ ಬೇರೆ ಇಟ್ಟಿದ್ದೇನೆ. ಉಳಿದವನ್ನು ಕೊಡುವಾಗ ಈಗಲೂ ಎದೆ ಒಂದು ಸಲ ಝಲ್ ಅನ್ನುತ್ತೆ, ಸುಳ್ಳು ಹೇಳೋದಿಲ್ಲ.

25 ಮಿ.ಮೀ. ಐಪೀಸನ್ನು ವಾಪಸ್ ತರಲಿಲ್ಲ. ಅದರ ಗುಂಡಿ ಖಾಲಿ ಇದೆ. ರಾತ್ರಿ ಸಾಮಾನು ತುಂಬುವಾಗ ಪ್ರತಿ ಸಲ ಬೆರಳು ಅಲ್ಲಿಗೆ ಹೋಗಿ ತಡೆಯುತ್ತೆ, ಏನೋ ಬಿಟ್ಟು ಬಂದೆ ಅನಿಸುತ್ತೆ. ಒಂದು ಕ್ಷಣ ಬಿಟ್ಟು, ಅದು ಎಲ್ಲಿದೆ ಅಂತ ನೆನಪಾಗುತ್ತೆ.